‘ಅಷ್ಟು ಮಾರ್ಕ್ಸ್ ಬಂದಿದ್ರೂ ಐಟಿಐಗೆ ಯಾಕೆ ಹೋದೆ?’

ಉತ್ತರ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಯಾರೇ ಕೇಳಿದರೂ ಇದನ್ನೇ ವಾಟ್ಸಾಪ್ ಮಾಡಿ ಸುಮ್ನಿರುತ್ತೇನೆ.

2006ರಲ್ಲಿ, ಹರಿಹರದಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ ನನಗೆ 625ಕ್ಕೆ 561 ಬಂತು. ಜಾಸ್ತಿ ಬಂದವರು ಸೈನ್ಸ್‌ಗೆ, ಸ್ವಲ್ಪ ಕಮ್ಮಿ ಬಂದವರು ಕಾಮರ್ಸ್‌ಗೆ, ಇನ್ನೂ ಕಮ್ಮಿಯವರು ಆರ್ಟ್ಸ್‌ಗೆ, ಹೆಂಗೋ ಪಾಸಾದವರು ಐಟಿಐಗೆ. ಇದನ್ನು ಎಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಬಾಯಿಪಾಠ. ನಾನು ಐಟಿಐಯಲ್ಲಿ ಟರ್ನರ್ ಟ್ರೇಡ್ ತಗೊಂಡೆ. ಅಂದರೆ ಲೇತ್ ಕೆಲಸ, ಕಬ್ಬಿಣವನ್ನು ಗಿರ್ರನೆ ತಿರುಗಿಸಿ ಆಕಾರಕ್ಕೆ ಕಡಿಯುವ ಮೆಷಿನ್ ಮೇಲೆ.

ಪ್ರಶ್ನೆಯ ಮೇಲೆ ನನಗೆ ಸಿಟ್ಟಿಲ್ಲ. ‘ಬಂದಿದ್ರೂ’ ಅನ್ನುವಾಗ ಕೊನೆಯಲ್ಲಿ ಎಳೆಯುತ್ತಾರಲ್ಲ, ಆ ‘ರೂ’ ಮೇಲೆ ಸಿಟ್ಟು. ‘ಮಾರ್ಕ್ಸ್ ಬಂದಿತ್ತು, ಅದಕ್ಕೇ ಹೋದ್ಯಾ?’ ಅಂತ ಒಬ್ಬರೂ ಕೇಳಿಲ್ಲ. ಲೇತ್ ಮುಂದೆ ನಿಲ್ಲೋಕೆ ಲೆಕ್ಕ ಬೇಡ ಅಂದುಕೊಂಡಿದ್ದಾರೆ. ಟೇಪರ್, ಅಂದರೆ ತುದಿಗೆ ಹೋಗ್ತಾ ಸಣ್ಣಗಾಗುವ ಆಕಾರ, ತೆಗೆಯೋಕೆ ಟ್ಯಾನ್ ತೀಟಾ ಬೇಕು ಸ್ವಾಮಿ. ‘ಇದನ್ನೆಲ್ಲ ಮುಂದೆ ಎಲ್ಲಿ ಬಳಸ್ತೀವಿ ಸಾರ್?’ ಅಂತ ಇಡೀ ಕ್ಲಾಸು ಕೇಳುತ್ತಿತ್ತಲ್ಲ, ಅದೇ ಟ್ಯಾನ್ ತೀಟಾ.

ಕಳೆದ ವರ್ಷ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಪಂಕ್ತಿಯಲ್ಲಿ ದೊಡ್ಡಪ್ಪನ ಪಕ್ಕ ಕೂತಿದ್ದೆ. ಹೋಳಿಗೆ ಬಂತು, ತುಪ್ಪ ಬಂತು, ಅದರ ಹಿಂದೆಯೇ ಪ್ರಶ್ನೆ ಬಂತು. ಅದೂ ಎದುರು ಸಾಲಿಗೆ ಕೇಳುವ ಹಾಗೆ. ‘ಇವ್ನು ಭಾಳ ಶಾಣ್ಯಾ ಇದ್ದ ನೋಡ್ರಿ. ಐನೂರಾ ಅರವತ್ತು ಬಂದಿದ್ರೂ...’ ಒಂದು ಮಾರ್ಕನ್ನು ಅವರೇ ನುಂಗಿದರು. ಎದುರಿಗಿದ್ದ ಬೀಗರ ಕಡೆಯವರು ‘ಐಐಟಿನಾ?’ ಅಂತ ಕಣ್ಣರಳಿಸಿದರು. ‘ಅಲ್ರೀ, ಐಟಿಐ’ ಅಂದೆ. ಅಕ್ಷರ ಅವೇ, ಕೂತ ಜಾಗ ಬೇರೆ. ಅವರು ತಮ್ಮ ಎಲೆಯ ಕಡೆ ತಿರುಗಿದರು.

ಕೈ ತೊಳೆಯುವಾಗ ದೊಡ್ಡಪ್ಪ ಮೆಲ್ಲಗೆ, ‘ತ್ವಾಟದ ಮೋಟ್ರು ಯಾಕೋ ಕೂಗ್ತೈತಪಾ, ಒಂದಿನ ಬಂದು ನೋಡ್ತೀಯೇನು?’ ಅಂದರು. ನಾನು ಎಲೆಕ್ಟ್ರಿಷಿಯನ್ ಅಲ್ಲ ಅಂತ ಹದಿನೈದು ವರ್ಷದಿಂದ ಹೇಳುತ್ತಲೇ ಇದ್ದೇನೆ.

ಸರಿ, ಕಾರಣ. ಸ್ಕೂಲಿನ ದಾರಿಯಲ್ಲಿ ಒಂದು ವರ್ಕ್‌ಶಾಪ್ ಇತ್ತು. ಲೇತ್ ತಿರುಗುವಾಗ ಕಬ್ಬಿಣ ಕೊಬ್ಬರಿ ತುರಿ ಥರ ಏಳುತ್ತಿತ್ತು, ಕೆಲವೊಮ್ಮೆ ಉದ್ದುದ್ದ ಸುರುಳಿ. ಬಿಸಿಗೆ ನೀಲಿ ತಿರುಗಿದ ಸುರುಳಿ. ನಿಂತು ನೋಡುತ್ತಿದ್ದೆ. ಇಷ್ಟೇ. ಹದಿನೈದರ ಹುಡುಗನಿಗೆ ಇನ್ನೆಂಥ ಕಾರಣ ಇರುತ್ತೆ? ಡಾಕ್ಟರ್ ಆಗ್ತೀನಿ ಅನ್ನುವವನನ್ನು ಯಾರಾದರೂ ಕಾರಣ ಕೇಳಿದ್ದಾರಾ?

ಅಪ್ಪನ ಕೋಪಕ್ಕೆ ಮಾತ್ರ ಗಟ್ಟಿ ಕಾರಣ ಇತ್ತು. ನಮ್ಮದು ಲೇತ್ ಮಾಡುತ್ತಿದ್ದ ಊರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದದ್ದು ಇಲ್ಲೇ. ನಾನು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಅದು ಮುಚ್ಚಿಹೋಗಿತ್ತು. ‘ಲೇತ್ ಮಾಡೋರೇ ಬಾಗ್ಲು ಹಾಕ್ಕೊಂಡ್ರು. ನೀನು ಅದನ್ನ ಕಲ್ತು ಏನು ಕಡಿದು ಗುಡ್ಡೆ ಹಾಕ್ತೀಯ?’ ಅಂದರು. ಆಮೇಲೆ ನಾನು ನಿಜಕ್ಕೂ ಅದನ್ನೇ ಮಾಡಿದೆ. ಕಡಿದೆ, ಗುಡ್ಡೆ ಹಾಕಿದೆ, ಸಂಜೆ ಗುಡಿಸಿದೆ.

ಯಾಕೆ ಹೋದೆ ಅಂತ ಕೇಳುವ ಬದಲು, ಹೋಗಿದ್ದು ತಪ್ಪಾಯ್ತು ಅಂತ ಯಾವತ್ತು ಅನ್ನಿಸ್ತು ಅಂತ ಕೇಳಬಾರದಾ? ಯಾರೂ ಕೇಳಲ್ಲ. ಅನ್ನಿಸಿಯೇ ಇರುತ್ತೆ ಅಂತ ಅವರೇ ತೀರ್ಮಾನ ಮಾಡಿರುತ್ತಾರೆ.

ಐಟಿಐಯ ಮೊದಲ ವಾರಗಳಲ್ಲಿ ಅನ್ನಿಸಲಿಲ್ಲ. ಆಗ ಬರೀ ಕಬ್ಬಿಣದ ತುಂಡಿಗೆ ಫೈಲ್, ಅಂದರೆ ಅರ, ಉಜ್ಜುವ ಕೆಲಸ. ಉಜ್ಜಿದ ತುಂಡಿಗೆ ಮೂಲೆ ನೇರ ಇದೆಯಾ ನೋಡುವ ಟ್ರೈಸ್ಕ್ವೇರ್ ಒತ್ತಿ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ನನಗೆ ಸೂರ್ಯೋದಯವೇ ಕಾಣುತ್ತಿತ್ತು. ಅಂಗೈ ತುಂಬ ಬೊಬ್ಬೆ. ಆದರೂ ಖುಷಿಯಾಗಿದ್ದೆ.

ಅನ್ನಿಸಿದ್ದು 2018ರಲ್ಲಿ. ಹತ್ತು ವರ್ಷ ಕೆಲಸ ಮಾಡಿದ್ದೆ. ನಾನೇ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್ ಸೆಟ್ಟಿಂಗ್ ಹೇಳಿಕೊಟ್ಟಿದ್ದ ಹುಡುಗನನ್ನು ಸೂಪರ್‌ವೈಸರ್ ಮಾಡಿದರು. ಅವನದು ಡಿಪ್ಲೊಮಾ ಆಗಿತ್ತು. ಅವನ ತಪ್ಪೇನೂ ಇರಲಿಲ್ಲ, ಪಾಪ, ನನ್ನ ಮುಖ ನೋಡೋಕೆ ಸಂಕೋಚಪಡುತ್ತಿದ್ದ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನಿಗೆ ಹೇಳಲೂ ಇಲ್ಲ.

ಎರಡು ವರ್ಷದ ಐಟಿಐ ಆಗಿದ್ದರೆ ಡಿಪ್ಲೊಮಾಕ್ಕೆ ನೇರ ಎರಡನೇ ವರ್ಷಕ್ಕೆ ಸೇರಬಹುದು. ಕೆಲಸ ಬಿಟ್ಟು ಸೇರಿದೆ. ಮೊದಲ ದಿನ ಕ್ಲಾಸಿಗೆ ಕಾಲಿಟ್ಟರೆ ಹುಡುಗರೆಲ್ಲ ಎದ್ದು ನಿಂತು ‘ಗುಡ್ ಮಾರ್ನಿಂಗ್ ಸರ್’ ಅಂದರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಸ್ವಲ್ಪ ಹೊತ್ತು ಅವರಿಗೆ ಕೂರಬೇಕೋ ಬೇಡವೋ ಗೊತ್ತಾಗಲಿಲ್ಲ.

ದೊಡ್ಡಪ್ಪನ ಮೋಟಾರ್ ಏನಾಯ್ತು ಅಂದರೆ, ಬೇರಿಂಗ್ ಕೂರುವ ಜಾಗದಲ್ಲಿ ಶಾಫ್ಟ್ ಸವೆದಿತ್ತು. ಅದು ಲೇತ್ ಕೆಲಸವೇ. ವೆಲ್ಡಿಂಗ್ ತುಂಬಿಸಿ, ಗೆಳೆಯನ ವರ್ಕ್‌ಶಾಪಿನಲ್ಲಿ ಸೈಜಿಗೆ ತಂದು, ಬೇರಿಂಗ್ ಕೂರಿಸಿ ಕೊಟ್ಟೆ. ಕೂಗು ನಿಂತಿತು. ಎಷ್ಟಾಯ್ತಪಾ ಅಂದರು. ಎಂಟುನೂರು ಅಂದೆ.

‘ನಮ್ಮೋನಾಗಿದ್ರೂ ಎಂಟುನೂರಾ?’

ಎಂಟುನೂರೂ ಇಸಕೊಂಡೆ.