80 ರೂಪಾಯಿಯ ದೋಣಿ

ಲಕ್ಷದೀಪೋತ್ಸವದ ರಾತ್ರಿ ಉಡುಪಿ ರಥಬೀದಿಯಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ದೇವರನ್ನಲ್ಲ, ಒಂದು ಪ್ಲಾಸ್ಟಿಕ್ ಟಬ್ಬನ್ನು. ಅದರಲ್ಲಿ ಅಂಗೈಯಷ್ಟು ಉದ್ದದ ತಗಡಿನ ದೋಣಿ ಟಪಟಪ ಟಪಟಪ ಅಂತ ಸುತ್ತು ಹೊಡೆಯುತ್ತಿತ್ತು. ಬೀದಿಯುದ್ದಕ್ಕೂ ಹಣತೆ, ದೋಣಿಯ ಹೊಟ್ಟೆಯಲ್ಲೂ ಒಂದು ಬತ್ತಿ. ಮಾರುವವ 100 ಅಂದ, ನಾನು 80 ಅಂದೆ. ತಕ್ಷಣ ಕೊಟ್ಟುಬಿಟ್ಟ. 60 ಅನ್ನಬೇಕಿತ್ತು, ಇರಲಿ.

ಮನೆಗೆ ತಂದಾಗ ಅಮ್ಮ ತುಳುವಿನಲ್ಲಿ ಕೇಳಿದ್ದು ಒಂದೇ ಮಾತು, "ನಿಕ್ಕ್ ಮರ್ಲಾ?" ಬ್ಯಾಂಕಿನಲ್ಲಿ ಕೆಲಸ ಮಾಡುವ 34 ವರ್ಷದ ಮಗಳು ಆಟದ ದೋಣಿ ತಂದರೆ ಹುಚ್ಚಾ ಅಂತ ಕೇಳದೆ ಇನ್ನೇನು ಮಾಡಿಯಾರು?

ಅಮ್ಮನ ಸಿಟ್ಟಿಗೆ ಹಿನ್ನೆಲೆಯೂ ಇದೆ. ನನ್ನದೊಂದು ಡ್ರಾಯರ್ ಇದೆ. ಬೆಳ್ಳುಳ್ಳಿ ಸಿಪ್ಪೆ ಬಿಡಿಸುವ ರಬ್ಬರ್ ಕೊಳವೆ, ಮೊಬೈಲಿಗೆ ಸಿಕ್ಕಿಸುವ ಫ್ಯಾನು, ಹಿಡಿಕೆ ತಿರುಗಿಸಿ ಕಾಯಿ ತುರಿಯುವ ಸಾಧನ, ಎಲ್ಲ ಅದರಲ್ಲಿವೆ. ಕಾಯಿ ತುರಿಯುವುದನ್ನು ಅಮ್ಮ ಎರಡು ದಿನ ನೋಡಿ, ಮಾತಾಡದೆ ವಾಪಸ್ ಹೆರೆಮಣೆ ಮೇಲೆ ಕೂತರು. ನಾನು ಗಮನಿಸಿದ್ದು ಏನಂದ್ರೆ, ಉಪಯೋಗ ಇದೆ ಅಂತ ಹೇಳಿಕೊಂಡು ತಂದವೇ ಹೀಗೆ ಮೂಲೆ ಸೇರಿದ್ದು. ಅತ್ತೂರು ಜಾತ್ರೆಯಲ್ಲಿ ತಂದ ಟಿಕ್ ಟಿಕ್ ಅನ್ನುವ ತಗಡಿನ ಕಪ್ಪೆ ಇವತ್ತಿಗೂ ಮೇಜಿನ ಮೇಲಿದೆ. ಫೋನಿನಲ್ಲಿ ಮಾತಾಡುವಾಗ ಸುಮ್ನೆ ಒತ್ತುತ್ತಿರುತ್ತೇನೆ. ಅದು ಏನನ್ನೂ ಸುಲಭ ಮಾಡಿಕೊಡ್ತೇನೆ ಅಂತ ಹೇಳಿಯೇ ಇಲ್ಲ, ಹಾಗಾಗಿ ಬೇಜಾರೂ ಮಾಡಿಲ್ಲ.

ದೋಣಿ ಮಾತ್ರ ಮೊದಲ ದಿನ ಕೈಕೊಟ್ಟಿತು. ಬಚ್ಚಲಿನ ದೊಡ್ಡ ಬಕೆಟಿನಲ್ಲಿ ಬಿಟ್ಟು ಬತ್ತಿ ಹಚ್ಚಿದೆ. ಸದ್ದಿಲ್ಲ. ಐದು ನಿಮಿಷ ಆಯಿತು, ಎಣ್ಣೆ ವಾಸನೆ ಬಿಟ್ಟರೆ ಬೇರೇನಿಲ್ಲ. ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದು ನಿಂತರು. ಮಲ್ಪೆಯ ಬೋಟುಗಳ ಡೀಸೆಲ್ ಇಂಜಿನ್ ರಿಪೇರಿ ಮಾಡಿಯೇ ತಲೆ ಬೆಳ್ಳಗಾದವರು. ದೋಣಿ ಎತ್ತಿ ಹಿಂಬದಿ ನೋಡಿದರು. ಎರಡು ಸಣ್ಣ ಕೊಳವೆ. "ಏರ್ ಹಿಡಿದಿದೆ ಮಾರಾಯ್ತಿ" ಅಂದರು.

ಔಷಧಿ ಬಾಟಲಿಯ ಡ್ರಾಪರ್ ತರಿಸಿದರು. ಒಂದು ಕೊಳವೆಗೆ ನೀರು ಬಿಡುತ್ತಾ ಹೋದರು. ಮೊದಲು ಗುಳ್ಳೆ ಬಂತು, ಆಮೇಲೆ ಇನ್ನೊಂದು ಕೊಳವೆಯಿಂದ ಬರೀ ನೀರು. ಎರಡನ್ನೂ ಬೆರಳಿನಲ್ಲಿ ಮುಚ್ಚಿಕೊಂಡು, ನೀರಿನಡಿಯಲ್ಲಿ ಬೆರಳು ತೆಗೆದರು. ಬತ್ತಿ ಹಚ್ಚಿ ಅರ್ಧ ನಿಮಿಷ ಆಗಿರಬೇಕು, ದೋಣಿ ಒಮ್ಮೆ ನಡುಗಿ ಟಪಟಪ ಶುರು ಮಾಡಿತು.

"ಪಿಸ್ಟನ್ ಎಲ್ಲಿ?" ಅಪ್ಪನ ಮೊದಲ ಪ್ರಶ್ನೆ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಫ್ಯಾನೂ ಇಲ್ಲ. ಬತ್ತಿಯ ಮೇಲೆ ಒಂದು ಚಪ್ಪಟೆ ಡಬ್ಬಿ, ಅದರೊಳಗೆ ನೀರು. ಕಾದ ನೀರು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ದಬ್ಬುತ್ತದೆ. ಆವಿ ತಣ್ಣಗಿನ ಕೊಳವೆಗೆ ಬಂದಾಗ ಮತ್ತೆ ನೀರಾಗಿ ಕುಗ್ಗುತ್ತದೆ, ಹೊರಗಿನ ನೀರು ಒಳಗೆ ನುಗ್ಗುತ್ತದೆ. ಡಬ್ಬಿಯ ಮೇಲಿನ ತೆಳು ತಗಡು ಪ್ರತಿ ಸಲ ಉಬ್ಬಿ ಇಳಿಯುವುದೇ ಆ ಟಪಟಪ. ಥಾಮಸ್ ಪಿಯೋ ಎಂಬಾತ 1891ರಲ್ಲೇ ಬ್ರಿಟನ್ನಿನಲ್ಲಿ ಇಂಥ ದೋಣಿಗೆ ಪೇಟೆಂಟ್ ಕೇಳಿದ್ದನಂತೆ.

ಅಪ್ಪನಿಗೆ ಸಮಾಧಾನ ಆಗಲಿಲ್ಲ. ದಬ್ಬಿದಷ್ಟೇ ನೀರನ್ನು ಎಳೆದುಕೊಂಡರೆ ದೋಣಿ ನಿಂತಲ್ಲೇ ಹಿಂದೆ ಮುಂದೆ ಆಡಬೇಕಲ್ವಾ? ನಾನು ದೇವರ ಕೋಣೆಗೆ ಕರೆದುಕೊಂಡು ಹೋಗಿ ಮೇಣದ ಬತ್ತಿ ಹಚ್ಚಿದೆ. ಊದಿದೆ, ಆರಿತು. ಮತ್ತೆ ಹಚ್ಚಿ, ಅಷ್ಟೇ ದೂರದಿಂದ ಅಷ್ಟೇ ಜೋರಾಗಿ ಉಸಿರು ಎಳೆದೆ. ಆರಲಿಲ್ಲ. ಕೊಳವೆಯ ನೀರೂ ಹಾಗೇ, ಹೊರಗೆ ಹೋಗುವಾಗ ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಗೆ ಬರುವಾಗ ಎಲ್ಲ ಕಡೆಯಿಂದ ಬರುತ್ತದೆ. ಅಪ್ಪನೂ ಎರಡು ಸಲ ಎಳೆದು ನೋಡಿದರು. ಕೆಮ್ಮು ಬಂತು. ಅಮ್ಮ ನನ್ನನ್ನು ನೋಡಿದ ನೋಟ ಬರೆಯುವುದು ಬೇಡ.

ಹೀಗೆ ಪೂರ್ತಿ ಬಿಚ್ಚಿ ಹೇಳಬಹುದಾದ ವಸ್ತು ಮನೆಯಲ್ಲಿ ಎಷ್ಟಿವೆ ಹೇಳಿ. ನನ್ನ ಫೋನಿನೊಳಗೆ ಏನು ನಡೆಯುತ್ತಿದೆ ಅಂತ ನನಗೆ ಗೊತ್ತಿಲ್ಲ. ಈ ದೋಣಿ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ನಾನೇ ಹೇಳಬಲ್ಲೆ.

ಈಗ ಅದು ನನ್ನ ಕೈಗೆ ಸಿಗುವುದು ಕಷ್ಟ. ಅಪ್ಪನಿಗೆ ಅದನ್ನು ಉಪ್ಪು ನೀರಿಗೆ ಬಿಡಬೇಕಂತೆ, ಹಾಗೇ ಬಿಟ್ಟರೆ ತಗಡು ತುಕ್ಕು ಹಿಡಿಯುತ್ತದಂತೆ. ಗೇಟಿಗೆ ಹೊಡೆದು ಉಳಿದಿದ್ದ ಕೆಂಪು ಪೇಂಟನ್ನು ಅಪ್ಪ ಮೊನ್ನೆ ಅಡಿಗೆ ಬಳಿದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದಾರೆ. ಬೋಟಿಗೆ ಹೆಸರು ಬೇಕಲ್ಲ. ಅಮ್ಮನ ಹೆಸರು ಬರೆಯಲು ಹೊರಟಿದ್ದರು, ಅಮ್ಮ ಬಿಡಲಿಲ್ಲ.