80 ಲಕ್ಷದ ಫ್ಲ್ಯಾಟಿಗೆ ಕೈಯಲ್ಲಿ 26 ಲಕ್ಷ

ಭಾನುವಾರ ಮಧ್ಯಾಹ್ನ ನಮ್ಮ ಮೇಜಿನ ಮೇಲೆ ಎರಡು ಫೈಲು. ಒಂದರಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟ ದಂಪತಿಗೆ ಬಿಲ್ಡರ್ ಕೊಟ್ಟ ಬೆಲೆಪಟ್ಟಿ, ಇನ್ನೊಂದರಲ್ಲಿ ಹುಡುಗನ ತಂದೆಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿದ ಸೈಟಿನ ಕಾಗದಗಳು. ಅಪ್ಪ ಒಂದೇ ಸಂಬಳದಲ್ಲಿ ಮನೆ ಕಟ್ಟಿದರು, ಇಬ್ಬರು ದುಡಿದರೂ ನಮಗೆ ಯಾಕೆ ಆಗುತ್ತಿಲ್ಲ ಎಂಬುದು ಅವರ ಪ್ರಶ್ನೆ.

ಹಳೆಯ ಫೈಲು ತೆಳ್ಳಗಿದೆ. ಹಂಚಿಕೆ ಪತ್ರ, ಮೊದಲು ಗುತ್ತಿಗೆ, ಆಮೇಲೆ ಮಾರಾಟ ಎಂಬ ಲೀಸ್ ಕಂ ಸೇಲ್ ಕರಾರು, ಹತ್ತು ವರ್ಷದ ನಂತರದ ಕ್ರಯಪತ್ರ. ಚೆಕ್ಕುಬಂದಿಯಲ್ಲಿ, ಅಂದರೆ ಸೈಟಿನ ಎಲ್ಲೆಯ ವಿವರದಲ್ಲಿ, ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ. ಬಿಡಿಎಗೂ ಮೊದಲಿದ್ದ ಸಿಐಟಿಬಿ (ನಗರ ಸುಧಾರಣಾ ಟ್ರಸ್ಟ್ ಮಂಡಳಿ) ಕಾಲದ ಜಯನಗರ, ರಾಜಾಜಿನಗರದಿಂದ ಹಿಡಿದು 1976ರಲ್ಲಿ ಬಿಡಿಎ ಬಂದ ಮೇಲೂ ಕ್ರಮ ಅದೇ: ಜಮೀನು ಸ್ವಾಧೀನ, ಬಡಾವಣೆ, ಅರ್ಜಿ. ಎಷ್ಟನೇ ಸಲ ಅರ್ಜಿ ಹಾಕಿದ್ದೀರಿ ಎಂಬುದಕ್ಕೂ ಬೆಲೆಯಿತ್ತು. ದುಡ್ಡಿಗಿಂತ ತಾಳ್ಮೆ ಹೆಚ್ಚು ಬೇಕಿತ್ತು. ಆ ಅಗ್ಗದ ಹಿಂದೆ ಜಮೀನು ಬಿಟ್ಟುಕೊಟ್ಟ ರೈತನ ನಷ್ಟವೂ ಇತ್ತು, ಅದನ್ನು ನೆನೆಯುವವರು ಕಡಿಮೆ. ಬೆಂಗಳೂರಿನ ಜನಸಂಖ್ಯೆ 1981ರ 29 ಲಕ್ಷದಿಂದ 2011ಕ್ಕೆ 85 ಲಕ್ಷ ಮುಟ್ಟಿತು. ಬಡಾವಣೆಗಳು ಆ ವೇಗದಲ್ಲಿ ಬರಲಿಲ್ಲ. ಕಾಯಲಾಗದವರು ಅನುಮೋದನೆಯಿಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ರೆವಿನ್ಯೂ ಸೈಟಿಗೆ, ಅಂಥ ಆಸ್ತಿಗಳಿಗೆ ಪಾಲಿಕೆ ಕೊಡುವ ಬಿ ಖಾತೆಗೆ ಹೋದರು.

ಹೊಸ ಫೈಲಿನ ಲೆಕ್ಕ ಬೇರೆಯೇ. ಫ್ಲ್ಯಾಟಿನ ಬೆಲೆ 80 ಲಕ್ಷ. ಸಾಲ 30 ಲಕ್ಷ ದಾಟಿ 75 ಲಕ್ಷದೊಳಗಿದ್ದರೆ ಬ್ಯಾಂಕು ಹೆಚ್ಚೆಂದರೆ ಶೇ 80 ಕೊಡಬಹುದು, ಅಂದರೆ 64 ಲಕ್ಷ. ಉಳಿದ 16 ಲಕ್ಷ ಕೈಯಿಂದ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 6.08 ಲಕ್ಷ. ಇದನ್ನು ಸಾಲದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಕಟ್ಟಡ ಇನ್ನೂ ಏಳುತ್ತಿದೆ, ಹಾಗಾಗಿ ಶೇ 5 ಜಿಎಸ್‌ಟಿ, 4 ಲಕ್ಷ. ಬೀಗದ ಕೈ ಸಿಗುವಷ್ಟರಲ್ಲಿ 26 ಲಕ್ಷ ಹೊರಟಿರುತ್ತದೆ.

ಇಎಂಐ ನೋಡಿದರೆ ಕಾಲ ಸುಧಾರಿಸಿದೆ ಅನ್ನಿಸುತ್ತದೆ. 64 ಲಕ್ಷ ಸಾಲಕ್ಕೆ ಶೇ 8.5ರಂತೆ 20 ವರ್ಷಕ್ಕೆ ತಿಂಗಳಿಗೆ ಸುಮಾರು 55,500. ತೊಂಬತ್ತರ ದಶಕದ ಶೇ 15ರ ಬಡ್ಡಿಯಾಗಿದ್ದರೆ 84,000 ದಾಟುತ್ತಿತ್ತು. ಆದರೆ ಬಡ್ಡಿ ಇಳಿದಾಗ ಉಳಿದ ದುಡ್ಡು ಕೊಳ್ಳುವವರ ಜೇಬಿನಲ್ಲಿ ನಿಲ್ಲಲಿಲ್ಲ. ಎಲ್ಲರಿಗೂ ಹೆಚ್ಚು ಸಾಲ ಸಿಕ್ಕಿತು, ಸೈಟಿನ ಬೆಲೆ ಅದನ್ನು ನುಂಗಿತು. ಇವತ್ತು ಜನ ಸೋಲುವುದು ಕಂತಿನಲ್ಲಲ್ಲ, ಮೊದಲು ಎಣಿಸಬೇಕಾದ ಆ 26 ಲಕ್ಷದಲ್ಲಿ. ಅದನ್ನು ಕೂಡಿಡುವಾಗಲೂ ಬಾಡಿಗೆ ಕಟ್ಟಬೇಕು, ಹತ್ತು ತಿಂಗಳ ಅಡ್ವಾನ್ಸು ಮಾಲೀಕರ ಬಳಿ ಬಡ್ಡಿಯಿಲ್ಲದೆ ಕೂತಿರುತ್ತದೆ.

ಬೆಲೆಪಟ್ಟಿಯ 1,250 ಚದರಡಿ ಸೂಪರ್ ಬಿಲ್ಟಪ್, ಅಂದರೆ ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ್ದು. ಮನೆಯೊಳಗೆ ಬಳಸಲು ಸಿಗುವ ಕಾರ್ಪೆಟ್ ಜಾಗ 860. ಕರಡು ಕ್ರಯಪತ್ರದಲ್ಲಿ ನೆಲದ ಅವಿಭಜಿತ ಪಾಲು, ಅಂದರೆ ಕಟ್ಟಡದ ಜಾಗದಲ್ಲಿ ಈ ಫ್ಲ್ಯಾಟಿಗೆ ಸೇರುವ ಹಕ್ಕು, 410. ಅಪ್ಪನಿಗೆ ಬಂದದ್ದು 1,200 ಚದರಡಿ ಭೂಮಿ. ಗೋಡೆ ಹಳತಾಗುತ್ತದೆ, ಬೆಲೆ ಏರುವುದು ನೆಲಕ್ಕೆ. ಕ್ರಯಪತ್ರದಲ್ಲಿ ನೆಲದ ಪಾಲು ಬರೆದ ಆ ಸಾಲನ್ನು ಓದದೆ ಸಹಿ ಹಾಕುವವರೇ ಹೆಚ್ಚು.

ಇಪ್ಪತ್ತು ವರ್ಷ ಹಳೆಯ, ಎಂಟು-ಹತ್ತು ಮನೆಗಳ ಸಣ್ಣ ಅಪಾರ್ಟ್‌ಮೆಂಟನ್ನೂ ನೋಡಿ ಎಂದೆವು. ಜಿಎಸ್‌ಟಿ ಇಲ್ಲ, ನೆಲದ ಪಾಲು ಸಾಮಾನ್ಯವಾಗಿ ದೊಡ್ಡದು. ತೊಡಕೂ ಇದೆ: ಎಷ್ಟೋ ಹಳೆ ಕಟ್ಟಡಗಳಿಗೆ ಓಸಿಯೇ (ವಾಸಕ್ಕೆ ಯೋಗ್ಯವೆಂಬ ಸ್ವಾಧೀನಾನುಭವ ಪತ್ರ) ಇಲ್ಲ, ಕಟ್ಟಡದ ವಯಸ್ಸು ನೋಡಿ ಬ್ಯಾಂಕು ಸಾಲದ ಅವಧಿ ಮೊಟಕು ಮಾಡಬಹುದು. ಟೋಕನ್ ಹಣ ಕೊಡುವ ಮೊದಲೇ ಓಸಿ, ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ), ಮೂವತ್ತು ವರ್ಷದ ಇಸಿ (ಆಸ್ತಿಯ ಮೇಲಿನ ಋಣಭಾರ, ವಹಿವಾಟುಗಳ ಪತ್ರ) ಕೇಳಿ ಪಡೆಯಬೇಕು. ಕೊಟ್ಟ ಮೇಲೆ ಕೇಳಿದರೆ ಮಾರುವವರಿಗೆ ಅವಸರವಿರುವುದಿಲ್ಲ.