ಮಾವನ ಮೈಲ್ ವಾಪಸಾತಿ: ಇಲ್ಲಿಯವರೆಗಿನ ಕೆಲಸ

ಶನಿವಾರ

ಮಾವನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆ ಲೋಡ್ ಆಗುತ್ತದೆ. ಬಿಲ್ಲು, ಇ-ವೇ ಬಿಲ್ಲು, ತೂಕದ ಚೀಟಿ ಎಲ್ಲವೂ ಒಂದೇ ಜಿಮೇಲ್ ಖಾತೆಯಲ್ಲಿ. ಫೋನಿನಲ್ಲಿ ಜಾಗ ಇಲ್ಲ ಅಂತ ಹಳೇ ಮೈಲೆಲ್ಲ ಅಳಿಸಿದ್ದಾರೆ. ಟ್ರ್ಯಾಶನ್ನೂ ಖಾಲಿ ಮಾಡಿದ್ದಾರೆ. ಫೋನಿಂದ ತಾನೇ ಹೋಗೋದು ಅಂತ ಅವರ ಲೆಕ್ಕ, ಆದರೆ ಹೋಗಿದ್ದು ಖಾತೆಯಿಂದಲೇ. ಈಗ ಆಡಿಟರ್ ಹೋದ ವರ್ಷದ ಬಿಲ್ಲು ಕೇಳುತ್ತಿದ್ದಾರೆ.

ಟ್ರ್ಯಾಶ್‌ನಲ್ಲಿ ಬಿಟ್ಟಿದ್ದರೆ 30 ದಿನ ಇರುತ್ತಿತ್ತು. ಕಂಪನಿಗಳು ದುಡ್ಡು ಕೊಟ್ಟು ಬಳಸುವ ಗೂಗಲ್ ವರ್ಕ್‌ಸ್ಪೇಸ್ ಖಾತೆ ಆಗಿದ್ದರೆ, ಟ್ರ್ಯಾಶ್ ಖಾಲಿಯಾದ ಮೇಲೂ 25 ದಿನದೊಳಗೆ ಅಡ್ಮಿನ್ ವಾಪಸ್ ತರಬಹುದಿತ್ತು. ಮಾವನದು ಮಾಮೂಲಿ ಖಾತೆ.

"ಅಂಗಡಿ ಲ್ಯಾಪ್‌ಟಾಪ್‌ನಲ್ಲೂ ನೋಡಿದೆ, ಅದರಲ್ಲೂ ಇಲ್ಲ. ಎಲ್ಲಾ ಹೋಯ್ತೇನಪ್ಪಾ?" ಅಂದರು. ಲ್ಯಾಪ್‌ಟಾಪ್‌ನಲ್ಲಿ ಇರೋದು ಥಂಡರ್‌ಬರ್ಡ್ (ಮೈಲನ್ನು ಕಂಪ್ಯೂಟರಿಗೇ ಇಳಿಸಿಟ್ಟುಕೊಳ್ಳೋ ಸಾಫ್ಟ್‌ವೇರ್) ಅಂತ ಗೊತ್ತಾದಾಗ ನನಗೆ ಸ್ವಲ್ಪ ಜೀವ ಬಂತು. "ವೈಫೈ ಆಫ್ ಮಾಡಿ ಮಾವ, ಥಂಡರ್‌ಬರ್ಡ್ ಮುಚ್ಚಿ, ಇನ್ನು ಅದನ್ನ ಮುಟ್ಟಲೇಬೇಡಿ" ಅಂದೆ.

ಭಾನುವಾರ

ಮಾವ ಬೆಳಿಗ್ಗೆ ರೈಲಿಗೆ ತುಮಕೂರಿಗೆ ಬಂದರು, ಲ್ಯಾಪ್‌ಟಾಪ್ ಜೊತೆಗೆ ಒಂದು ಚೀಲ ಎಳನೀರು.

ಥಂಡರ್‌ಬರ್ಡ್ ತೆರೆಯಲಿಲ್ಲ. ನೇರವಾಗಿ ಅದು ಎಲ್ಲವನ್ನೂ ಇಟ್ಟುಕೊಳ್ಳೋ ಪ್ರೊಫೈಲ್ ಫೋಲ್ಡರಿಗೆ ಹೋಗಿ 'ಇಮ್ಯಾಪ್‌ಮೇಲ್' ಫೋಲ್ಡರ್ ನೋಡಿದೆ. ಲಿಸ್ಟ್ ಖಾಲಿ ಅಂದಿದ್ದರಲ್ಲ, ಬಂದದ್ದು, ಕಳಿಸಿದ್ದು ಎಲ್ಲ ಸೇರಿದ 'ಆಲ್ ಮೇಲ್' ಫೈಲ್ ಮಾತ್ರ ಎರಡು ಜಿಬಿ ದಾಟಿತ್ತು! ಥಂಡರ್‌ಬರ್ಡ್ ಮಾಮೂಲಾಗಿ ಒಂದು ಫೋಲ್ಡರಿನ ಮೈಲೆಲ್ಲ ಒಂದೇ ಎಂಬಾಕ್ಸ್ ಫೈಲಿನಲ್ಲಿ ಸಾಲಾಗಿ ಬರೆದಿಡುತ್ತದೆ. ಅಳಿಸಿದ್ದು ಲಿಸ್ಟಿನಿಂದ ಮಾಯವಾಗುತ್ತದೆ, ಫೈಲಿನಿಂದ ಹೋಗುವುದು 'ಕಾಂಪ್ಯಾಕ್ಟ್' ಆದಾಗ, ಅಂದರೆ ಅಳಿಸಿದ್ದನ್ನು ಬಿಟ್ಟು ಫೈಲನ್ನು ಹೊಸದಾಗಿ ಬರೆದಾಗ. ಸಾಕಷ್ಟು ಜಾಗ ಉಳಿಯುತ್ತೆ ಅನ್ನಿಸಿದರೆ ಅದು ತಾನೇ ಕಾಂಪ್ಯಾಕ್ಟ್‌ಗೆ ಕೈಹಾಕುತ್ತದೆ. ಅದಕ್ಕೇ ಮುಟ್ಟಬೇಡಿ ಅಂದಿದ್ದು. ಮೊದಲು ಇಡೀ ಪ್ರೊಫೈಲನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿದೆ. ಅದು ಮುಗಿಯೋಷ್ಟರಲ್ಲಿ ಎಳನೀರೂ ಮುಗಿದಿತ್ತು.

ನಂತರ ನನ್ನ ಕಂಪ್ಯೂಟರಿನಲ್ಲಿ, ಯಾವ ಖಾತೆಯೂ ಇಲ್ಲದ ಹೊಸ ಪ್ರೊಫೈಲ್ ಮಾಡಿಕೊಂಡು, ಆ ಫೈಲಿನ ಒಂದು ಪ್ರತಿಯನ್ನು ಜಿಮೇಲಿಗೆ ಸಂಬಂಧವಿಲ್ಲದ 'ಲೋಕಲ್ ಫೋಲ್ಡರ್ಸ್'ಗೆ ಹಾಕಿದೆ. ಎಂಎಸ್ಎಫ್ ಫೈಲ್ ಹಾಕಲಿಲ್ಲ. ಅದು ಬರೀ ಸೂಚಿ, ಥಂಡರ್‌ಬರ್ಡ್ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮೈಲುಗಳು ಬಂದವು, ಆದರೆ ಎಲ್ಲವೂ ಅಲ್ಲ. ಬೇಕಾದ ತಿಂಗಳುಗಳಲ್ಲೇ ದೊಡ್ಡ ತೂತು.

ಬುಧವಾರ ರಾತ್ರಿ

ತೂತಿನ ಕಾರಣ ಸಿಕ್ಕಿತು. ಪ್ರತಿ ಮೈಲಿನ ತಲೆಯಲ್ಲಿ 'ಎಕ್ಸ್-ಮೊಜಿಲ್ಲಾ-ಸ್ಟೇಟಸ್' ಅಂತ ಒಂದು ಸಾಲು, ಮುಂದೆ ನಾಲ್ಕು ಅಂಕೆ. 0001 ಅಂದರೆ ಓದಿದ್ದು. 0008 ಅಂದರೆ ಅಳಿಸಿದ ಗುರುತು. ಎರಡೂ ಸೇರಿ 0009. ಕಾಣದ ಮೈಲುಗಳಲ್ಲಿ ಇದ್ದದ್ದು ಈ 0009. ಸೂಚಿ ಕಟ್ಟುವಾಗ ಇಂಥವನ್ನು ಹಾರಿಸಿಬಿಡುತ್ತದೆ.

ಇಷ್ಟು ದೊಡ್ಡ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯೋದು ಸುಮ್ನೆ ತಲೆನೋವು. ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆದೆ: ಆ ಸಾಲಿನಲ್ಲಿ 0009 ಇದ್ದರೆ 0001, 0008 ಇದ್ದರೆ 0000. ಬೇರೆ ಯಾವ ಸಾಲನ್ನೂ ಮುಟ್ಟೋದಿಲ್ಲ. ಸೂಚಿ ಅಳಿಸಿ ಮತ್ತೆ ತೆರೆದರೆ ತೂತು ಬಹುತೇಕ ತುಂಬಿತ್ತು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಮಾವ ಬಿಲ್ಲು ಹುಡುಕೋದು ಬಿಟ್ಟು "ಓ, ಆ ಲಾರಿಯವನ ಜಗಳದ ಮೈಲೂ ಬಂತಲ್ಲೋ" ಅಂತ ಅದನ್ನೇ ಓದುತ್ತಾ ಕೂತರು.

ಶುಕ್ರವಾರ

ಪಿಡಿಎಫ್‌ಗಳ ಕತೆ ಬೇರೆ. ಕೆಲವು ಮೈಲಿನಲ್ಲಿ ಕ್ಲಿಪ್ಪಿನ ಗುರುತಿದೆ, ಒತ್ತಿದರೆ ಏನೂ ತೆರೆಯೋದಿಲ್ಲ. ಲಗತ್ತುಗಳು ಫೈಲಿನಲ್ಲಿ ಬೇಸ್64 (ಫೈಲನ್ನು ಬರೀ ಅಕ್ಷರ, ಅಂಕೆಗಳಾಗಿ ಬರೆಯೋ ಕ್ರಮ) ಅಕ್ಷರಗಳಾಗಿ ಕೂತಿರುತ್ತವೆ. ಪಿಡಿಎಫ್ ಆದರೆ ಮೊದಲ ಅಕ್ಷರಗಳು ಯಾವಾಗಲೂ ಜೆ-ವಿ-ಬಿ-ಇ-ಆರ್. ಇದು ಗೊತ್ತಿದ್ದರೆ ಹುಡುಕೋದು ಸಲೀಸು. ತೆರೆಯದ ಮೈಲುಗಳಲ್ಲಿ ಆ ಜಾಗ ಖಾಲಿ. ಅಂದರೆ ಲಗತ್ತು ಲ್ಯಾಪ್‌ಟಾಪ್‌ಗೆ ಇಳಿದೇ ಇರಲಿಲ್ಲ. ಅದನ್ನು ಇಲ್ಲಿಂದ ತೆಗೆಯೋಕೆ ಆಗೋದಿಲ್ಲ.

ಆದರೆ ಅವು ಹೆಚ್ಚಿನವು ಮಾವ ಕಳಿಸಿದ ಬಿಲ್ಲುಗಳೇ. ಕಳಿಸಿದ್ದು, ಅವರು ಅಳಿಸಿರದಿದ್ದರೆ, ಕೊಂಡವರ ಇನ್‌ಬಾಕ್ಸ್‌ನಲ್ಲಿ ಇರಬೇಕಲ್ವಾ, ಅಲ್ಲಿಗೆ ನಮ್ಮ ಡಿಲೀಟ್ ಮುಟ್ಟೋದಿಲ್ಲ. ಬಿಲ್ ನಂಬರ್ ಪಟ್ಟಿ ಮಾಡಿ ಕೊಟ್ಟಿದ್ದೇನೆ, ಮಾವ ಒಬ್ಬೊಬ್ಬರಿಗೇ ಫೋನ್ ಮಾಡಿ ಫಾರ್ವರ್ಡ್ ಮಾಡಿಸಿಕೊಳ್ಳುತ್ತಿದ್ದಾರೆ. ಸಿಕ್ಕಿದ್ದು ಆಡಿಟರ್‌ಗೆ ಪೆನ್‌ಡ್ರೈವ್‌ನಲ್ಲಿ ಹೋಗಿದೆ. ಹಳೇ ಮೈಲನ್ನು ಜಿಮೇಲ್‌ಗೆ ವಾಪಸ್ ಏರಿಸೋದು ಬಾಕಿ. ಅದಕ್ಕೆ ಮೊದಲು ಮಾವನ ಫೋನಿಂದ ಫೋಟೋಗಳನ್ನು ಇಳಿಸಿ ಜಾಗ ಮಾಡಬೇಕು, ಇಲ್ಲದಿದ್ದರೆ ಮತ್ತೆ ಮೈಲ್ ಅಳಿಸಿಬಿಡುತ್ತಾರೆ.